ಹೊಟ್ಟೆಯೊಳಗೆ ಬಲೂನೋ, ಹೊಲಿಗೆಯೋ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 36 ವರ್ಷ, ಎತ್ತರ 162 ಸೆಂ.ಮೀ., ತೂಕ 92 ಕಿಲೋ. ಡಯಟ್ಟು, ವಾಕಿಂಗು ಅಂತ ಒದ್ದಾಡಿ 8 ಕಿಲೋ ಇಳಿಸಿದ್ದೆ, 10 ಕಿಲೋ ವಾಪಸ್ ಬಂತು. ಆಪರೇಷನ್ ಅಂದರೆ ಭಯ. ಎಂಡೋಸ್ಕೋಪಿಯಲ್ಲೇ, ಅಂದರೆ ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ, ಹೊಟ್ಟೆಗೆ ಬಲೂನ್ ಇಡ್ತಾರಂತೆ, ಇಲ್ಲದಿದ್ರೆ ಒಳಗಿಂದಲೇ ಹೊಲಿಗೆ ಹಾಕ್ತಾರಂತೆ. ನನಗೆ ಯಾವುದು ಆಗಬಹುದು? ಚಿಕ್ಕಮ್ಮನ ಮಗಳು ಬಲೂನ್ ಹಾಕಿಸಿಕೊಂಡಿದ್ದಳು, ತೆಗೆಸಿ ವರ್ಷ ತುಂಬೋದರೊಳಗೆ ಮೊದಲಿನ ಹಾಗೇ ಆದಳು.

ವೈದ್ಯರು: ನಮಸ್ಕಾರ ಮೇಡಂ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಸುಮಾರು 35. ಸಾಮಾನ್ಯವಾಗಿ 30ರಿಂದ 40ರ ನಡುವೆ ಇರುವವರಿಗೆ ಈ ಎರಡನ್ನೂ ಯೋಚಿಸುತ್ತೇವೆ.

ನಿಮ್ಮ ತಂಗಿಗೆ ಆದದ್ದು ಅಪರೂಪವಲ್ಲ. ಬಲೂನ್ ಅಂದರೆ ಸಿಲಿಕೋನ್ ಚೀಲ. ಬಾಯಿಯ ಮೂಲಕ ಇಳಿಸಿ 400ರಿಂದ 700 ಮಿ.ಲೀ. ಸಲೈನ್ ತುಂಬುತ್ತೇವೆ. ಅದು ಜಾಗ ಹಿಡಿದು ಕೂರುತ್ತದೆ, ತಿಂದದ್ದು ನಿಧಾನವಾಗಿ ಕೆಳಗಿಳಿಯುತ್ತದೆ, ನಾಲ್ಕು ತುತ್ತಿಗೇ ಸಾಕೆನಿಸುತ್ತದೆ. ಆದರೆ ಜಠರದ ಆಮ್ಲ ಚೀಲವನ್ನು ಸವೆಸುತ್ತದೆ. ಹಾಗಾಗಿ ಹೆಚ್ಚಿನವನ್ನು 6 ತಿಂಗಳಿಗೆ ತೆಗೆಯಲೇಬೇಕು, ಕೆಲವನ್ನು ಮಾತ್ರ 1 ವರ್ಷ ಇಡಬಹುದು. ತೆಗೆದ ದಿನದಿಂದ ಹೊಟ್ಟೆ ಮತ್ತೆ ಹಳೇ ಹೊಟ್ಟೆಯೇ. ಅಷ್ಟರೊಳಗೆ ಊಟದ ಅಭ್ಯಾಸ ತಿದ್ದಿಕೊಂಡಿರಬೇಕು. ತಂಗಿಯನ್ನು ದೂರುವ ಮೊದಲು, ಆ 6 ತಿಂಗಳಲ್ಲಿ ಅವರನ್ನು ಡಯಟೀಷಿಯನ್ ಎಷ್ಟು ಸಲ ನೋಡಿದ್ದರು ಅಂತ ಕೇಳಿ.

ಹೊಲಿಗೆಯದು ಬೇರೆ ಲೆಕ್ಕ. ಎಂಡೋಸ್ಕೋಪಿನ ತುದಿಗೆ ಹೊಲಿಯುವ ಸಾಧನ ಸಿಕ್ಕಿಸಿ, ಜಠರದ ಗೋಡೆಯನ್ನು ಸೀರೆ ನೆರಿಗೆಯಂತೆ ಒಳಕ್ಕೆ ಹಿಡಿದು ಹೊಲಿಯುತ್ತೇವೆ. ಚೀಲದಂತಿದ್ದ ಜಠರ ಕೊಳವೆಯಂತಾಗುತ್ತದೆ. ಹೊರಗೆ ಗಾಯವಿಲ್ಲ, ಒಳಗೂ ಏನನ್ನೂ ಕತ್ತರಿಸುವುದಿಲ್ಲ. ಆದರೆ ಪೂರ್ತಿ ಅರಿವಳಿಕೆ ಬೇಕು, ಆದ್ದರಿಂದ ‘ಬರೀ ಎಂಡೋಸ್ಕೋಪಿ ತಾನೇ’ ಅಂತ ಹಗುರವಾಗಿ ತಗೋಬೇಡಿ. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಮೆರಿಟ್ ಅಧ್ಯಯನದಲ್ಲಿ, ಹೊಲಿಗೆ ಹಾಕಿಸಿಕೊಂಡವರ ತೂಕ ಒಂದು ವರ್ಷದಲ್ಲಿ ಸರಾಸರಿ ಶೇ. 13.6ರಷ್ಟು ಇಳಿದಿತ್ತು. ಊಟ, ವ್ಯಾಯಾಮದ ಸಲಹೆ ಮಾತ್ರ ಪಡೆದವರಲ್ಲಿ ಶೇ. 0.8. ನಿಮ್ಮ ತೂಕಕ್ಕೆ ಇದು 12-13 ಕಿಲೋ ಆಗುತ್ತದೆ. ಜಠರ ಕತ್ತರಿಸುವ ಸ್ಲೀವ್ ಆಪರೇಷನ್ನಿನಲ್ಲಿ ಇದಕ್ಕಿಂತ ಹೆಚ್ಚು ಇಳಿಯುತ್ತದೆ, ಅದನ್ನು ಮುಚ್ಚಿಡೋದಿಲ್ಲ.

ಇಳಿದ ತೂಕ ಮತ್ತೆ ಏರಿದ್ದು ನೋಡಿದರೆ, ನಾನು ಹೊಲಿಗೆಯ ಕಡೆಗೇ ವಾಲುತ್ತೇನೆ. ಅದಕ್ಕೂ ಮೊದಲು ಹೊಟ್ಟೆಯೊಳಗೆ ಹುಣ್ಣು ಅಥವಾ ದೊಡ್ಡ ಹಯಾಟಸ್ ಹರ್ನಿಯಾ (ಜಠರದ ಮೇಲ್ಭಾಗ ಎದೆಯೊಳಕ್ಕೆ ಜಾರಿರುವುದು) ಇದೆಯಾ ಅಂತ ನೋಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ. ಸದ್ಯದಲ್ಲೇ ಮಗುವಿನ ಯೋಚನೆ ಇದ್ದರೆ ಎರಡೂ ಬೇಡ.

ಇನ್ನೊಬ್ಬರು: ಸರ್, ನನಗೆ ಬಲೂನ್ ಹಾಕಿ ಎರಡು ದಿನ ಆಯ್ತು. ನೀರು ಕುಡಿದರೂ ವಾಂತಿ. ತೆಗೆಸಿಬಿಡಲಾ?

ವೈದ್ಯರು: ಮೊದಲ ಮೂರ್ನಾಲ್ಕು ದಿನ ವಾಕರಿಕೆ, ಹೊಟ್ಟೆ ಹಿಂಡಿದಂತಾಗೋದು ಇದ್ದದ್ದೇ. ಹೆಚ್ಚಿನವರಿಗೆ ವಾರದೊಳಗೆ ತಗ್ಗುತ್ತದೆ. ಆದರೆ ನೀರೂ ನಿಲ್ಲುತ್ತಿಲ್ಲ ಅಂದರೆ ಕಾಯಬೇಡಿ, ಬಲೂನ್ ಹಾಕಿದ ಕಡೆಗೆ ಇವತ್ತೇ ಹೋಗಿ. ಡ್ರಿಪ್ ಬೇಕಾಗಬಹುದು. ನೋವಿಗೆ ಅಂತ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗಬೇಡಿ, ಹುಣ್ಣಾಗುತ್ತದೆ. ಆಮ್ಲ ತಗ್ಗಿಸುವ ಮಾತ್ರೆ ಬರೆದುಕೊಟ್ಟಿರುತ್ತಾರೆ, ಬಲೂನ್ ಇರುವಷ್ಟು ದಿನವೂ ಅದನ್ನು ಬಿಡಬೇಡಿ.

ಮತ್ತೊಬ್ಬರು: ಒಳಗೇ ಒಡೆದುಹೋದರೆ ಗೊತ್ತಾಗೋದು ಹೇಗೆ?

ವೈದ್ಯರು: ಒಳ್ಳೇ ಪ್ರಶ್ನೆ. ಸಲೈನಿಗೆ ಮೆಥಿಲೀನ್ ಬ್ಲೂ ಅನ್ನೋ ಬಣ್ಣ ಬೆರೆಸಿರುತ್ತೇವೆ. ಸೋರಿದರೆ ಮೂತ್ರ ಹಸಿರಾಗುತ್ತೆ, ಇಲ್ಲವೇ ನೀಲಿಯಾಗುತ್ತೆ. ಗಾಬರಿ ಬೇಡ, ತಡವೂ ಬೇಡ. ಖಾಲಿ ಚೀಲ ಕರುಳಿಗಿಳಿದು ಅಡ್ಡ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ.

ಮೊದಲು ಕೇಳಿದವರು: ಥ್ಯಾಂಕ್ಸ್ ಡಾಕ್ಟ್ರೇ. ಹೊಲಿಗೆ ಹಾಕಿಸಿದರೆ ಮಾಮೂಲಿ ಊಟ ಯಾವಾಗ?

ವೈದ್ಯರು: ಮೊದಲ ಕೆಲವು ವಾರ ಬರೀ ದ್ರವ, ಆಮೇಲೆ ಮೆತ್ತಗಿನದು, ಕೊನೆಗೆ ಗಟ್ಟಿ ಊಟ. ಆಸೆಗೆ ಬಿದ್ದು ಮೊದಲೇ ಗಟ್ಟಿ ತಿಂದರೆ ಹೊಲಿಗೆ ಕಿತ್ತುಬರುತ್ತೆ ಮೇಡಂ.