ಮಲ್ಪೆಲಿ ಸೂರ್ಯಾಸ್ತಕ್ಕೆ ನಮಗೇ ಅಂತ ಪೂರ್ತಿ ಬೋಟ್ ಸಿಗುತ್ತಾ? ಅಮ್ಮಂಗೆ ಮಂಡಿನೋವು ಇದೆ

ತುಂಗಾತೀರ:
ಎಲ್ರಿಗೂ ನಮಸ್ಕಾರ, ಉಡುಪಿ ಮಂಗಳೂರು ಕಡೆಯವ್ರು ಯಾರಾದ್ರೂ ಇದ್ರೆ ಸ್ವಲ್ಪ ಹೆಲ್ಪ್ ಮಾಡಿ. ನಾವು ಶಿವಮೊಗ್ಗದವ್ರು. ಅಪ್ಪ ಬ್ಯಾಂಕಲ್ಲಿ ಇದ್ರು, 86ರಿಂದ 89ರ ತನಕ ಉಡುಪಿ ಪೋಸ್ಟಿಂಗು, ಆಗಿನ್ನೂ ಉಡುಪಿ ಜಿಲ್ಲೇನೂ ಆಗಿರ್ಲಿಲ್ಲ ಬಿಡಿ, ಅದು ಆಗಿದ್ದು 1997ರಲ್ಲಿ. ಆ ಮೂರು ವರ್ಷದಲ್ಲಿ ಅಮ್ಮಂಗೆ ಬೋಟಲ್ಲಿ ಕರ್ಕೊಂಡು ಹೋಗ್ತೀನಿ ಕರ್ಕೊಂಡು ಹೋಗ್ತೀನಿ ಅಂತ ಹೇಳಿ ಹೇಳಿ ಕೊನೆಗೆ ಟ್ರಾನ್ಸ್‌ಫರ್ ಆಗೋಯ್ತು. ಇವತ್ತಿಗೂ ಮನೇಲಿ ಏನಾದ್ರೂ ಮಾತು ಬಂದ್ರೆ "ನೀವು ಉಡುಪಿಲಿ ಕೃಷ್ಣಮಠ ಬಿಟ್ಟು ಇನ್ನೇನು ತೋರ್ಸಿದ್ರಿ" ಅಂತ ಅಮ್ಮ ಶುರು ಮಾಡ್ತಾರೆ.

ಈ ಡಿಸೆಂಬರ್ ಕೊನೆ ವಾರ ಅವರ ಮದುವೆ ಆಗಿ 40 ವರ್ಷ. ಸಂಜೆ ಹೊತ್ತು ಒಂದು ಬೋಟ್ ಪೂರ್ತಿ ನಮಗೇ ಮಾಡ್ಕೊಂಡು ಸೈಂಟ್ ಮೇರಿಸ್ ದ್ವೀಪದಲ್ಲಿ ಕೂತು ಸೂರ್ಯ ಮುಳುಗೋದು ನೋಡಿ ಬರೋಣ ಅಂತ ಪ್ಲಾನು. ಐದು ಜನ, ಅಪ್ಪ 71, ಅಮ್ಮ 66, ನಾನು ನನ್ನ ಹೆಂಡ್ತಿ, ಆರು ವರ್ಷದ ಮಗಳು. ಅಮ್ಮಂಗೆ ಎರಡೂ ಮಂಡಿ ನೋವು, ಮೆಟ್ಲು ಹತ್ತೋದೇ ಕಷ್ಟ, ಜೊತೆಗೆ ಆಗುಂಬೆ ಘಾಟಿ ಇಳಿಯುವಾಗ್ಲೇ ತಲೆ ಸುತ್ತು ವಾಂತಿ ಎಲ್ಲ ಆಗುತ್ತೆ. ಎಲ್ಲಿಂದ ಹತ್ಬೇಕು, ಎಷ್ಟು ಗಂಟೆಗೆ ಹೊರಡ್ಬೇಕು, ಸೇಫಾ, ಯಾರಾದ್ರೂ ಹೋಗಿ ಬಂದವ್ರು ಹೇಳಿ. ಗೂಗಲ್ ರಿವ್ಯೂ ನೋಡಿ ಸಾಕಾಗೋಗಿದೆ, ಎಲ್ಲದಕ್ಕೂ ಐದು ಸ್ಟಾರ್.

ಕಡಲಬದಿ:
ನಮ್ಮ ಮನೆ ಮಲ್ಪೆಯಲ್ಲೇ ಸರ್, ಮನೇಲಿ ಮೂರು ತಲೆಮಾರು ಮೀನುಗಾರಿಕೆ. ಮೊದ್ಲು ಒಂದು ವಿಷಯ ತಲೆಯಿಂದ ತೆಗೀರಿ, ದ್ವೀಪದ ಮೇಲೆ ಕೂತು ಸೂರ್ಯಾಸ್ತ ನೋಡ್ಲಿಕ್ಕೆ ಆಗುದಿಲ್ಲ. ಕತ್ತಲೆ ಆಗುವ ಮೊದ್ಲೇ ಎಲ್ಲರನ್ನೂ ವಾಪಸ್ ಕಳಿಸ್ತಾರೆ, ರಾತ್ರಿ ಅಲ್ಲಿ ಯಾರಿಗೂ ನಿಲ್ಲಲಿಕ್ಕೆ ಇಲ್ಲ. ನೋಡುದಾದ್ರೆ ನೀರಲ್ಲಿ ನಿಂತೇ ನೋಡ್ಬೇಕು. ದ್ವೀಪದ ಹತ್ರ ಬೋಟ್ ಎಂಜಿನ್ ಆಫ್ ಮಾಡಿ ತೇಲಲಿಕ್ಕೆ ಬಿಟ್ರೆ ಅದೇ ಚಂದ, ಎಂಜಿನ್ ಶಬ್ದ ನಿಂತ ಕೂಡ್ಲೇ ಬೋಟಿನ ಹೊಟ್ಟೆಗೆ ನೀರು ಬಡಿಯುವ ಚಪಕ್ ಚಪಕ್ ಮಾತ್ರ ಕೇಳ್ತದೆ. ಆ ಕಂಬದ ಹಾಗಿರುವ ಕಲ್ಲುಗಳೂ ಕಡಲಿನ ಕಡೆಯಿಂದ ನೋಡಿದ್ರೆನೇ ಸರಿಯಾಗಿ ಕಾಣುದು, ಸಂಜೆ ಬಿಸಿಲು ನೇರ ಅದರ ಮುಖಕ್ಕೆ ಬೀಳ್ತದೆ.

ಗಾಳಿ ವಿಷಯ ಯಾರೂ ಹೇಳುದಿಲ್ಲ, ನಾನು ಹೇಳ್ತೇನೆ. ಡಿಸೆಂಬರಲ್ಲಿ ಬೆಳಿಗ್ಗೆ ಕಡಲು ಎಣ್ಣೆ ಹೊಯ್ದ ಹಾಗೆ ಇರ್ತದೆ. ಮಧ್ಯಾಹ್ನ ಆದ ಮೇಲೆ ನೆಲ ಕಾಯ್ತದೆ, ಆಗ ಪಡುಗಾಳಿ ಏಳ್ತದೆ, 3-4 ಗಂಟೆಗೆ ಅದೇ ಜೋರು, ಸಣ್ಣ ಸಣ್ಣ ತೆರೆ ಎದ್ದು ಬೋಟ್ ಕುಣೀತದೆ. ಕತ್ತಲಾಗ್ತಾ ಬಂದ ಹಾಗೆ ತಾನೇ ಇಳೀತದೆ. ಟೂರಿಸ್ಟ್‌ಗಳು 4 ಗಂಟೆಗೇ ಹತ್ತಿ ಒಂದು ಗಂಟೆ ಸುತ್ತಿ ವಾಂತಿ ಮಾಡಿ, ಸೂರ್ಯ ಮುಳುಗುವಾಗ ಬೋಟಿನ ಕಂಬ ತಬ್ಬಿ ಕೂತಿರ್ತಾರೆ. ಆ ವಾರ ಸೂರ್ಯ ಮುಳುಗುದು 6.10ರಿಂದ 6.15ರ ಒಳಗೆ, ನೀವು 5.15ಕ್ಕೆ ಹೊರಟ್ರೆ ಸಾಕು. ನೀರು ಮುಟ್ಟಿದ ಮೇಲೆ ಪೂರ್ತಿ ಮುಳುಗ್ಲಿಕ್ಕೆ ಎರಡೂವರೆ ನಿಮಿಷ ಸಹ ಬೇಡ, ಮತ್ತೆ ಇಪ್ಪತ್ತು-ಇಪ್ಪತ್ತೈದು ನಿಮಿಷದಲ್ಲಿ ಕತ್ತಲೆ. ದ್ವೀಪ ದಡದಿಂದ ಸುಮಾರು 6 ಕಿಲೋಮೀಟರ್, ಹಾಗಾಗಿ ವಾಪಸ್ ಬರುದು ಕತ್ತಲೆಯಲ್ಲೇ ಅಂತ ಇಟ್ಕೊಳ್ಳಿ. ಬೋಟಿಗೆ ಲೈಟ್ ಉಂಟಾ ಕೇಳಿ, ಆ ಹೊತ್ತಿಗೆ ನಮ್ಮವರ ಬೋಟುಗಳು ಬಂದರಿಗೆ ಬರ್ತಾ ಹೋಗ್ತಾ ಇರ್ತವೆ.

ಅಮ್ಮನಿಗೆ ಕಷ್ಟ ಆಗುದು ಕಡಲಲ್ಲಿ ಅಲ್ಲ, ಹತ್ತುವಲ್ಲಿ. ಬೀಚಿನಿಂದ ಹೊರಡುವ ಬೋಟಿಗೆ ಮೊಣಕಾಲು ನೀರಲ್ಲಿ ನಡ್ದು ಹೋಗಿ ಏಣಿ ಹತ್ಬೇಕು, ತೆರೆ ಬಂದಾಗ ಏಣಿ ಸಹ ಅಲ್ಲಾಡ್ತದೆ, ಅದು ಅವರಿಗೆ ಬೇಡ್ವೇ ಬೇಡ. ಬಂದರಿನ ದಕ್ಕೆಯಿಂದ (ಬೋಟ್ ನಿಲ್ಲಿಸುವ ಕಟ್ಟೆ) ಹತ್ತಿ. ಅಲ್ಲೂ ಭರತ-ಇಳಿತ ನೋಡ್ಬೇಕು, ನೀರು ಏರಿದ್ರೆ ಬೋಟಿನ ಅಂಚು ದಕ್ಕೆಗೆ ಸಮ ಬರ್ತದೆ, ಒಂದು ಹೆಜ್ಜೆ ಇಟ್ರೆ ಆಯ್ತು. ಇಳಿತದಲ್ಲಿ ಬೋಟ್ ಕೆಳಗೆ ಹೋಗಿರ್ತದೆ, ಧುಮುಕ್ಬೇಕಾಗ್ತದೆ. ಅಮಾವಾಸ್ಯೆ ಹುಣ್ಣಿಮೆಗೆ ಏರುದೂ ಜಾಸ್ತಿ ಇಳಿಯುದೂ ಜಾಸ್ತಿ. ಭರತದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಮುಂದೆ ಮುಂದೆ ಹೋಗ್ತದೆ, ಹಾಗಾಗಿ ನಿಮ್ಮ ತಾರೀಕು ಎರಡು ದಿನ ಆಚೆ ಈಚೆ ಆದ್ರೂ ಲೆಕ್ಕ ಬದಲಾಗ್ತದೆ. ಹೊರಡುವಾಗ ಒಂದೇ ನೋಡ್ಬೇಡಿ, ವಾಪಸ್ ಇಳಿಯುವ ಹೊತ್ತಿಗೆ ನೀರು ಎಲ್ಲಿರ್ತದೆ ಅಂತ್ಲೂ ಕೇಳಿ.

ಸುರತ್ಕಲ್_ಪ್ಯಾಸೆಂಜರ್:
ಪೂರ್ತಿ ಬೋಟ್ ಅಂದ್ರೆ ಪೂರ್ತಿ ಬೋಟಾ ಅಂತ ಮೂರು ಸಲ ಕೇಳಿ ಮಾರಾಯ್ರೆ. ಕಳೆದ ವರ್ಷ ನಾನು ಹೆಂಡತಿಯ ಬರ್ತ್‌ಡೇಗೆ ಅಂತ ಫೋನಲ್ಲಿ ಪ್ರೈವೇಟ್ ಬುಕ್ ಮಾಡಿ ಅಡ್ವಾನ್ಸ್ ಸಹ ಹಾಕಿ, ಯಾವ ಊರಿನ ಯಾರು ಅಂತ ಹೇಳುದು ಬೇಡ, ಹೋಗಿ ನೋಡಿದ್ರೆ ಬೋಟಲ್ಲಿ ಆಗ್ಲೇ ಹನ್ನೊಂದು ಜನ ಕೂತಿದ್ದಾರೆ, ಒಬ್ಬ ಬ್ಲೂಟೂತ್ ಸ್ಪೀಕರ್ ಆನ್ ಮಾಡಿ ಆಗಿದೆ. ಕೇಳಿದ್ರೆ "ಪ್ರೈವೇಟ್ ಅಂದ್ರೆ ಸರ್ಕಾರದ್ದಲ್ಲ ಅಂತ ಸಾರ್" ಅಂತೆ!! ಎಂತ ಹೇಳುದು ಇದಕ್ಕೆ. ಕೇಕ್ ಹದಿಮೂರು ಪೀಸ್ ಮಾಡಿ ಅವರಿಗೂ ಕೊಟ್ಟೆವು.

ಇನ್ನೊಂದು, ರೇಟ್ ತಲೆಗಾ ಬೋಟಿಗಾ, ಎಷ್ಟು ಹೊತ್ತು, ಗಾಳಿ ಬಂದು ಕ್ಯಾನ್ಸಲ್ ಆದ್ರೆ ದುಡ್ಡು ವಾಪಸಾ, ಇಷ್ಟನ್ನೂ ವಾಟ್ಸಾಪಲ್ಲಿ ಬರೆಸಿಕೊಳ್ಳಿ. ಬಾಯಿಮಾತಲ್ಲಿ ಬೇಡ. ಸಂಜೆ ಸುಮ್ನೆ ನಿಂತ ಮೀನಿನ ಬೋಟಿನವರು ಕಡಿಮೆಗೆ ಕರ್ಕೊಂಡು ಹೋಗ್ತೇವೆ ಅಂದ್ರೆ ಹತ್ಬೇಡಿ, ಮೀನುಗಾರಿಕೆಗೆ ರಿಜಿಸ್ಟರ್ ಆದದ್ರಲ್ಲಿ ಟೂರಿಸ್ಟ್ ಕೂರಿಸುವ ಹಾಗಿಲ್ಲ, ಏನಾದ್ರೂ ಆದ್ರೆ ನೀವೂ ಸಿಕ್ಕಿ ಬೀಳ್ತೀರಿ ಅವರೂ ಸಿಕ್ಕಿ ಬೀಳ್ತಾರೆ.

ಹೊಳೆಬಾಗಿಲು:
ಇಷ್ಟೆಲ್ಲ ತಲೆಬಿಸಿ ಯಾಕೆ, ಅಮ್ಮನನ್ನು ಕೋಡಿ ಬೆಂಗ್ರೆ ಕಡೆ ಕರ್ಕೊಂಡು ಬನ್ನಿ. ಮಲ್ಪೆಯಿಂದ ಉತ್ತರಕ್ಕೆ, ಕೆಮ್ಮಣ್ಣು ದಾಟಿ ಬಂದ್ರೆ ರಸ್ತೆಗೆ ಒಂದು ಬದಿ ಕಡಲು ಒಂದು ಬದಿ ಹೊಳೆ, ಕೊನೆಯಲ್ಲಿ ಸೀತಾ ಸುವರ್ಣಾ ಹೊಳೆ ಎರಡೂ ಸೇರಿ ಕಡಲಿಗೆ ಹೋಗುವ ಜಾಗ, ಅದೇ ಅಳಿವೆ. ಹೊಳೆಯಲ್ಲಿ ಬೋಟ್ ಅಲ್ಲಾಡುದೇ ಇಲ್ಲ, ಕುದ್ರುಗಳ (ಹೊಳೆ ನಡುವಿನ ಸಣ್ಣ ದ್ವೀಪ) ಸುತ್ತ ನಿಧಾನ ಸುತ್ತಿಸ್ತಾರೆ, ಹೆಂಗಸರು ಸೊಂಟದ ಮಟ್ಟ ನೀರಲ್ಲಿ ನಿಂತು ಕಾಲಲ್ಲೇ ತಡಕಿ ಮರುವಾಯಿ (ಚಿಪ್ಪುಮೀನು) ಹೆಕ್ಕುದು ನೋಡ್ಬಹುದು, ನಿಮ್ಮ ಮಗಳಿಗೆ ಅದೇ ಖುಷಿ ಆಗ್ತದೆ. ಸೂರ್ಯ ಮೊದ್ಲು ತೆಂಗಿನ ಮರದ ಹಿಂದೆ ಹೋಗ್ತದೆ, ಬೋಟ್ ಹೊಳೆಬಾಯಿ ಹತ್ರ ಬಂದ ಹಾಗೆ ಪುನಃ ಬಯಲಾಗಿ ಕಾಣ್ತದೆ, ಒಂದೇ ಸಂಜೆ ಎರಡು ಸಲ ಮುಳುಗಿದ ಹಾಗೆ.

ಒಂದೇ ಒಂದು ಮಾತು, "ಅಳಿವೆ ದಾಟಿ ಸ್ವಲ್ಪ ಕಡಲಿಗೆ ಹೋಗಿ ಬರುವನಾ ಸರ್" ಅಂತ ಬೋಟಿನವ ಉಮೇದು ಮಾಡಿದ್ರೆ ಬೇಡ ಅನ್ನಿ. ಅಳಿವೆ ಬಾಗಿಲಲ್ಲಿ ಮರಳದಿಬ್ಬ ಆಗಾಗ ಜಾಗ ಬದಲಾಯಿಸ್ತದೆ, ಇಳಿತದ ಹೊತ್ತಿಗೆ ಹೊಳೆ ನೀರು ಹೊರಗೆ ನುಗ್ತದೆ, ಕಡಲಿನ ತೆರೆ ಒಳಗೆ ಬರ್ತದೆ, ಎರಡೂ ಅಲ್ಲೇ ಬಡ್ಕೊಳ್ತವೆ. ಹೊರಗೆ ಕಡಲು ಶಾಂತ ಇದ್ರೂ ಅಲ್ಲಿ ತೆರೆ ಒಡೀತಾ ಇರ್ತದೆ.

ಬಂದರುರಸ್ತೆ:
ಮಂಗಳೂರಿಗೂ ಬರುದಾದ್ರೆ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಫೆರಿಯಲ್ಲಿ ಹೊಳೆ ದಾಟಿ, ಬೀಚಲ್ಲಿ ಕೂತು ಸೂರ್ಯಾಸ್ತ ನೋಡಿ ಬನ್ನಿ, ಖರ್ಚೂ ಇಲ್ಲ ಎಂತದೂ ಇಲ್ಲ. ಬತ್ತೇರಿ ಅಂದ್ರೆ ಕಾವಲುಗೋಪುರ, ಟಿಪ್ಪು ಕಟ್ಟಿಸಿದ್ದು, 1784. ವಾಪಸ್ ಕೊನೇ ಫೆರಿ ಎಷ್ಟಕ್ಕೆ ಅಂತ ಹೋಗುವಾಗ್ಲೇ ಕೇಳಿ.

ಹೊಳೆಬಾಗಿಲು:
@ಬಂದರುರಸ್ತೆ ನಲವತ್ತು ವರ್ಷದ ಮದುವೆಗೆ ಫೆರಿ ಟಿಕೆಟಾ? ಹಹಹ

ಕಲ್ಲುಮೇಷ್ಟ್ರು:
ರಿಟೈರ್ಡ್ ಮೇಷ್ಟ್ರು ನಾನು, ವರ್ಷಾ ವರ್ಷಾ ಮಕ್ಕಳನ್ನು ಕರ್ಕೊಂಡು ದ್ವೀಪಕ್ಕೆ ಹೋದವ. ಮೊಮ್ಮಗಳಿಗೆ ಆ ಕಲ್ಲಿನ ಕತೆ ಹೇಳಿ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬಿಟ್ಟು ಹೋಗುವಾಗ ಉಕ್ಕಿದ ಲಾವಾ ಅದು, ತಣ್ಣಗಾಗುವಾಗ ಕುಗ್ಗಿ ಸೀಳಿತು, ಗದ್ದೆ ಕೆಸರು ಒಣಗಿ ಬಿರುಕು ಬಿಡ್ತದಲ್ಲ ಹಾಗೇ. ಅದಕ್ಕೇ ಐದು ಮೂಲೆ ಆರು ಮೂಲೆ ಕಂಬ. ವಾಸ್ಕೋ ಡ ಗಾಮ 1498ರಲ್ಲಿ ಬಂದು ಹೆಸರಿಟ್ಟ ಕತೆ ಎಲ್ಲ ಗೈಡ್‌ಗಳೂ ಹೇಳ್ತಾರೆ, ನಮ್ಮವರು ತೋನ್ಸೆಪಾರ್ ಅಂತ ಕರೀತಿದ್ದದ್ದು ಯಾರೂ ಹೇಳುದಿಲ್ಲ.

ತಲೆಸುತ್ತಿಗೆ ಅವೊಮಿನ್ ಮಾತ್ರೆ ಹೊರಡುವ ಒಂದು ಗಂಟೆ ಮುಂಚೆ ತಗೊಳ್ತಾರೆ, ಬೇರೆ ಮಾತ್ರೆ ನಡೀತಿದ್ರೆ ಡಾಕ್ಟ್ರನ್ನು ಕೇಳಿಯೇ ಕೊಡಿ. ಅದರಿಂದ ನಿದ್ದೆ ಬರ್ತದೆ, ಅದು ಗೊತ್ತಿರ್ಲಿ. ಹೊಟ್ಟೆ ಪೂರ್ತಿ ಖಾಲಿಯೂ ಬೇಡ, ಗಡದ್ದಾಗಿ ಗೋಳಿಬಜೆ ತಿಂದೂ ಹತ್ತುದು ಬೇಡ.

ಕಡಲಬದಿ:
ಮೇಷ್ಟ್ರು ಹೇಳಿದ್ದು ಸರಿ. ನಾನು ಬಿಟ್ಟದ್ದು ಒಂದುಂಟು, ಜಾಕೆಟ್. ಮಗಳಿಗೆ ಮಕ್ಕಳ ಸೈಜಿಂದೇ ಕೇಳಿ, ದೊಡ್ಡವರದ್ದು ಹಾಕಿದ್ರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ಬರ್ತದೆ, ಮಗು ಕೆಳಗಿಂದ ಜಾರ್ತದೆ. ಎರಡು ನಂಬರ್ ಸೇವ್ ಮಾಡ್ಕೊಳ್ಳಿ, 1093 ಕರಾವಳಿ ಕಾವಲು ಪೊಲೀಸ್, 1554 ಕೋಸ್ಟ್ ಗಾರ್ಡ್. ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸುವ ಬೋಟ್ ಬೇಡ, ಬೋಟಿಗೇ ಹೊಂದಿಸಿದ ಬೆಂಚ್ ಇರ್ಬೇಕು.

ಕುಂದಾಪ್ರ_ಮಾಣಿ:
ಹೋಯ್, ಶಿವಮೊಗ್ಗದಿಂದ ಬಪ್ಪೋರು ಆಗುಂಬೆ ಮೇಲೇ ನಿಂತ್ ಸೂರ್ಯಾಸ್ತ ಕಾಂಬುದಲ್ದಾ? ಬೋಟೂ ಬ್ಯಾಡ, ಮಾತ್ರೆಯೂ ಬ್ಯಾಡ.

ತುಂಗಾತೀರ:
ಹೋಗಿ ಬಂದ್ವಿ! ಬರೀತೀನಿ ಅಂತ ಹೇಳಿ ಹದಿನೈದು ದಿನ ಆಯ್ತು, ಕ್ಷಮಿಸಿ.

ಮೊದಲ ದಿನ ಕೋಡಿ ಬೆಂಗ್ರೆಗೆ ಹೋದ್ವಿ, ಹೊಳೆ ನಿಜವಾಗ್ಲೂ ಚೆನ್ನಾಗಿದೆ, ಮಗಳಂತೂ ಮರುವಾಯಿ ಹೆಕ್ಕೋದು ನೋಡಿ ತಾನೂ ಇಳೀತೀನಿ ಅಂತ ಹಠ. ಆದ್ರೆ ಅಮ್ಮ ಬೋಟಿಂದ ಇಳಿದ ತಕ್ಷಣ "ತುಂಗಾ ಹೊಳೆ ನಮ್ಮೂರಲ್ಲೇ ಇದ್ಯಲ್ಲೋ, ಸಮುದ್ರ ಎಲ್ಲಿ?" ಅಂದ್ರು. ಮುಗೀತು. ಅವತ್ತು ರಾತ್ರಿ ರೂಮಲ್ಲಿ ಕೂತು ಕಡಲಬದಿಯವರು ಹೇಳಿದ ಹಾಗೆ ಭರತ-ಇಳಿತದ ಟೈಮ್ ನೋಡಿ, ನಮ್ಮ ಪುಣ್ಯ, ಎರಡು ದಿನ ಬಿಟ್ಟು ಸಂಜೆ ನೀರು ಮೇಲಿರೋ ದಿನ ಸಿಕ್ತು, ಬೋಟಿನವ್ರ ಹತ್ರ ಎಲ್ಲ ವಾಟ್ಸಾಪಲ್ಲಿ ಬರೆಸ್ಕೊಂಡೆ (ಥ್ಯಾಂಕ್ಸ್ ಸುರತ್ಕಲ್ ಸರ್, ಪ್ರೈವೇಟ್ ಅಂದ್ರೆ ಏನು ಅಂತಾನೂ ಕೇಳ್ದೆ, ಅವರು ನಕ್ಕರು).

ದಕ್ಕೆಲಿ ಬೋಟ್ ಅಂಚು ಸಮ ಬಂದಿತ್ತು. ಒಬ್ಬ ಹುಡುಗ ಆ ಕಡೆ ಒಬ್ಬ ಈ ಕಡೆ ಅಮ್ಮನ ಮೊಣಕೈ ಹಿಡ್ಕೊಂಡು "ಅಮ್ಮ ಕೆಳಗೆ ನೋಡ್ಬೇಡಿ, ನನ್ನ ಮುಖ ನೋಡಿ" ಅಂತ ಹೇಳಿ ಒಂದೇ ಹೆಜ್ಜೇಲಿ ಒಳಗೆ ಕೂರಿಸಿಬಿಟ್ರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಮೇಲೆ ಕಿತ್ತಳೆ ಜಾಕೆಟ್ ಹಾಕ್ಕೊಂಡು ಬೆಂಚ್ ಮೇಲೆ ಎರಡೂ ಕೈ ಊರಿ ಕೂತ್ರು ನೋಡಿ, ಆಮೇಲೆ ವಾಂತಿನೂ ಇಲ್ಲ ತಲೆಸುತ್ತೂ ಇಲ್ಲ. ಮಾತ್ರೆ ಬೇಡ ಅಂತ ಹಠ ಮಾಡಿ ಒಂದು ನಿಂಬೆಹಣ್ಣು ಮೂಸ್ತಾ ಕೂತಿದ್ರು ಅಷ್ಟೇ.

ಮಾತ್ರೆ ತಗೊಂಡಿದ್ದು ಅಪ್ಪ. ಸುಮ್ನೆ ಮುಂಜಾಗ್ರತೆಗೆ ಅಂತ. ಬೀಪಿ ಮಾತ್ರೆ ಇದ್ಯಲ್ಲ ಅಂತ ನಮ್ಮ ಡಾಕ್ಟ್ರಿಗೆ ಫೋನ್ ಮಾಡಿ ಕೇಳಿನೇ ಕೊಟ್ಟಿದ್ದೆ. ಹೊರಟ ಹತ್ತು ನಿಮಿಷಕ್ಕೆ ಆಕಳಿಕೆ ಶುರುವಾಯ್ತು, ದ್ವೀಪದ ಹತ್ರ ಎಂಜಿನ್ ಆಫ್ ಮಾಡೋಷ್ಟರಲ್ಲಿ ಗೊರಕೆ. ಅಮ್ಮ ಎರಡು ಸಲ ತಿವಿದ್ರು, "ರೀ, ಏಳ್ರಿ, ಮುಳುಗ್ತಿದೆ", ಅಪ್ಪ ಹ್ಞೂಂ ಅಂದ್ರು, ಕಣ್ಣು ಬಿಡ್ಲಿಲ್ಲ. ಸೂರ್ಯ ಕೂಡ ನೀರು ಮುಟ್ಲಿಲ್ಲ, ಫೋನಲ್ಲಿ ಸೂರ್ಯಾಸ್ತ 6.14 ಅಂತ ತೋರಿಸ್ತಿತ್ತು, ಆದ್ರೆ 6.08ಕ್ಕೇ ನೀರಿಂದ ಒಂದು ಬೆರಳಷ್ಟು ಮೇಲೆ ಮಸುಕಲ್ಲಿ ಕರಗಿಹೋಯ್ತು, ಕುಂಕುಮದ ಬೊಟ್ಟು ಬೆವರಲ್ಲಿ ಅಳಿಸಿದ ಹಾಗೆ. ಆದ್ರೂ ಅಮ್ಮ ಆಮೇಲೂ ಆ ಕಡೆನೇ ನೋಡ್ತಾ ಕೂತಿದ್ರು, ಬೋಟ್ ತಿರುಗಿಸಿದ್ಮೇಲೂ ಕತ್ತು ತಿರುಗಿಸಿ. ಕತ್ತಲೆಲಿ ಮೀನಿನ ಬೋಟುಗಳ ಲೈಟ್ ಸಾಲಾಗಿ ಬಂದರಿನ ಕಡೆ ಬರ್ತಿದ್ವು, ಮಗಳು ಎಣಿಸ್ತಾ ಎಣಿಸ್ತಾ ಮೂವತ್ತೆರಡಕ್ಕೆ ಲೆಕ್ಕ ತಪ್ಪಿಸಿದ್ಲು.

ಈಗ ಮನೇಲಿ ಹೊಸ ಡೈಲಾಗ್ ಬಂದಿದೆ. "ತೋರಿಸ್ತೀನಿ ಅಂತ ಕರ್ಕೊಂಡು ಹೋದೋರೇ ಮಲ್ಗಿದ್ರು."

ಸುರತ್ಕಲ್_ಪ್ಯಾಸೆಂಜರ್:
ಅಪ್ಪನಿಗೆ ಇನ್ನೊಂದು ನಲವತ್ತು ವರ್ಷಕ್ಕೆ ಸಾಕಾಗುವಷ್ಟು ಆಯ್ತು ಮಾರಾಯ್ರೆ ಹಹಹ

ಕಡಲಬದಿ:
ಡಿಸೆಂಬರಲ್ಲಿ ಕೆಲವು ದಿನ ಹಾಗೇ ಮಸುಕು ಇರ್ತದೆ ಸರ್. ಫೆಬ್ರವರಿಯಲ್ಲಿ ಒಮ್ಮೆ ಬನ್ನಿ, ಆಗ ಮುಳುಗುದು 6.35ರ ಹತ್ರ, ಹೊತ್ತು ಜಾಸ್ತಿ ಸಿಗ್ತದೆ. ಮಗಳಿಗೆ ಹಾಕಿದ್ದು ಮಕ್ಕಳ ಸೈಜಿನ ಜಾಕೆಟ್ ತಾನೆ?

ತುಂಗಾತೀರ:
ಹೌದು ಸರ್, ಮಕ್ಕಳದ್ದೇ. ಅಪ್ಪಂಗೆ ಮಾತ್ರ ಬಿಗಿಯಾಗಿತ್ತು, ಅದಕ್ಕೇ ನಿದ್ದೆ ಬಂತು ಅಂತ ಈಗ ವಾದ ಮಾಡ್ತಿದ್ದಾರೆ.