25 ಗಜದ ಕೊಳದಿಂದ ಒಲಿಂಪಿಕ್ ಚಿನ್ನ ಬಂತು, ದಾವಣಗೆರೆಗೆ ಏನಡ್ಡಿ?

ಕುಂದವಾಡದ ಕಪ್ಪೆ: ಬೇಸಿಗೆ ಈಜು ಶಿಬಿರದ ಹತ್ತಿರ ಒಬ್ಬರು ಪಾಲಕರು, "ಒಲಿಂಪಿಕ್ ಅಳತೆಯ 50 ಮೀಟರ್ ಕೊಳದಲ್ಲೇ ದಿನಾ ಪ್ರಾಕ್ಟೀಸ್ ಸಿಗದಿದ್ರೆ ದಾವಣಗೆರೆ ಮಕ್ಕಳು ಮೇಲೆ ಬರೋದಿಲ್ಲ" ಎಂದರು. ನನ್ನ ಉತ್ತರ ಒಂದೇ, ಲಿಡಿಯಾ ಜಾಕೋಬಿ. ಅಮೆರಿಕದ ಅಲಾಸ್ಕಾ ರಾಜ್ಯದ ಸೂವರ್ಡ್ ಅನ್ನೋ ಊರು, ಮೂರು ಸಾವಿರ ಜನ ಕೂಡ ಇಲ್ಲ. ಈಜು ಕಲಿತದ್ದು 25 ಗಜದ ಕೊಳದಲ್ಲಿ. 2021ರ ಜುಲೈ 27, ಟೋಕಿಯೋ, ಮಹಿಳೆಯರ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ (ಕಪ್ಪೆ ಈಜು) ಫೈನಲ್. 17ರ ಹುಡುಗಿ 1:04.95ಕ್ಕೆ (1 ನಿಮಿಷ 4.95 ಸೆಕೆಂಡ್) ಗೋಡೆ ಮುಟ್ಟಿದಳು. ದಕ್ಷಿಣ ಆಫ್ರಿಕಾದ ಟಟಿಯಾನಾ ಸ್ಕೂನ್‌ಮೇಕರ್ 1:05.22. ವಿಶ್ವದಾಖಲೆ ಇಟ್ಟುಕೊಂಡಿದ್ದ ಲಿಲ್ಲಿ ಕಿಂಗ್ 1:05.54, ಮೂರನೇ ಸ್ಥಾನ. ಗೋಳು ಬಿಟ್ಟು ಮಕ್ಕಳನ್ನು ನೀರಿಗೆ ಇಳಿಸಿ.

ದುರ್ಗದವನು: 1:04.95 ಅಂತ ಇಷ್ಟು ಹಿಗ್ಗಬೇಡಿ. ಅದೇ ಟೋಕಿಯೋದ ಹೀಟ್ಸ್‌ನಲ್ಲಿ (ಮೊದಲ ಸುತ್ತು) ಟಟಿಯಾನಾ 1:04.82 ಈಜಿ ಒಲಿಂಪಿಕ್ ದಾಖಲೆ ಮಾಡಿದ್ದಳು. ಲಿಡಿಯಾ ಚಿನ್ನ ಗೆದ್ದರೂ ಆ ದಾಖಲೆ ಮುಟ್ಟಲಿಲ್ಲ. ಹೀಟ್ಸ್ ನಡೆದದ್ದು ಸಂಜೆ, ಫೈನಲ್ ಬೆಳಿಗ್ಗೆ. ಯಾಕೆ ಗೊತ್ತಾ? ಅಮೆರಿಕದ ಟಿವಿಯಲ್ಲಿ ರಾತ್ರಿ ಊಟದ ಹೊತ್ತಿಗೆ ಲೈವ್ ಬರಬೇಕಲ್ಲ. ಗೆದ್ದವಳು ಯಾವ ದೇಶದವಳು? ಲೆಕ್ಕ ನೀವೇ ಹಾಕಿ.

ಸ್ಟಾಪ್‌ವಾಚ್: ಲೆಕ್ಕ ಹಾಕಿದೆ. ಎಂಟು ಜನಕ್ಕೂ ಅದೇ ಬೆಳಿಗ್ಗೆ, ಅದೇ ನೀರು. ಲಿಡಿಯಾಗೆ ಮಾತ್ರ ಬೇರೆ ಸೂರ್ಯ ಹುಟ್ಟಿದ್ನಾ?

ದುರ್ಗದವನು: ಸೂರ್ಯನ ತಮಾಷೆ ಬೇಡ. ಅಮೆರಿಕದವರಿಗೆ ಬೆಳಿಗ್ಗೆ ಫೈನಲ್ ಅಂತ ಮೊದಲೇ ಗೊತ್ತು.

ಸ್ಟಾಪ್‌ವಾಚ್: ಎಲ್ಲರಿಗೂ ಮೊದಲೇ ಗೊತ್ತು ಸ್ವಾಮಿ, ವೇಳಾಪಟ್ಟಿ ಗುಟ್ಟಾಗಿ ಹಂಚ್ತಾರಾ? 2008ರ ಬೀಜಿಂಗ್‌ನಲ್ಲೂ ಫೈನಲ್ ಬೆಳಿಗ್ಗೆಯೇ ಇತ್ತು.

ಹರಿಹರದ ಹೊಳೆ: ಬೀಜಿಂಗ್ ಇರಲಿ. ನಾವೆಲ್ಲ ತುಂಗಭದ್ರೆಯಲ್ಲಿ ಈಜಿದವರು. ನಮ್ಮ ಹುಡುಗರ ಕಪ್ಪೆ ಈಜು ನೋಡಿದ್ರೆ ಈ ಚಿನ್ನದವರು ದಂಗಾಗ್ತಾರೆ. ಕೊಳಾನೂ ಬೇಡ, ಗಜಾನೂ ಬೇಡ.

ಲೇನ್ ನಾಲ್ಕು: ಕಪ್ಪೆ ಈಜು ಎಂದಿರಲ್ಲ, ನಿಯಮ ಓದಿದ್ದೀರಾ? ತಿರುಗುವಾಗ, ಮುಗಿಸುವಾಗ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು. ಒಂದು ಕೈ ತಡವಾದರೆ ಡಿಸ್‌ಕ್ವಾಲಿಫೈ. ಕಾಲುಗಳು ಒಂದರ ಹಿಂದೆ ಒಂದು ಬಡಿಯುವಂತಿಲ್ಲ. ಹೊಳೆಯಲ್ಲಿ ಗೋಡೆ ಎಲ್ಲಿಂದ ತರ್ತೀರಿ?

ಹರಿಹರದ ಹೊಳೆ: ಗೋಡೆ ಇಲ್ಲದೆ ದಡ ಸೇರ್ತೀವಿ. ನಿಮ್ಮ ಹುಡುಗರು ಗೋಡೆ ಇಲ್ಲದಿದ್ರೆ ಮುಳುಗ್ತಾರೆ.

ದುರ್ಗದವನು: ಹೊಳೆ ವಿಷಯ ಆಮೇಲೆ. ಸ್ಟಾಪ್‌ವಾಚ್ ಅವರೇ, 1:04.82ಕ್ಕೆ ಉತ್ತರ ಕೊಟ್ಟಿಲ್ಲ. ಇಬ್ಬರಲ್ಲಿ ಜೋರು ಯಾರು? ಒಂದೇ ಮಾತಲ್ಲಿ ಹೇಳಿ.

ಸ್ಟಾಪ್‌ವಾಚ್: ಫೈನಲ್‌ನಲ್ಲಿ ಮೊದಲು ಮುಟ್ಟಿದವಳು. ಟಟಿಯಾನಾ ಬೆಳಿಗ್ಗೆ ಈಜಲಾರಳು ಅಂತೀರಾ? ಮೂರು ದಿನ ಬಿಟ್ಟು ಜುಲೈ 30ಕ್ಕೆ ಅದೇ ಕೊಳದಲ್ಲಿ, ಬೆಳಿಗ್ಗೆಯೇ, 200 ಮೀಟರ್ 2:18.95ಕ್ಕೆ ಮುಗಿಸಿ ವಿಶ್ವದಾಖಲೆ ಮಾಡಿದಳು. ಆವತ್ತು ಅಮೆರಿಕದ ಟಿವಿ ಬಂದ್ ಆಗಿತ್ತಾ?

ದುರ್ಗದವನು: "ಮೂರು ದಿನ ಬಿಟ್ಟು" ಅಂತ ನೀವೇ ಬರೆದಿದ್ದೀರಿ. ಮೂರು ದಿನದಲ್ಲಿ ದೇಹ ಬೆಳಗಿನ ಹೊತ್ತಿಗೆ ಹೊಂದಿಕೊಂಡಿತು. ನನ್ನ ವಾದಕ್ಕೇ ಸಾಕ್ಷಿ ಕೊಟ್ರಿ, ಥ್ಯಾಂಕ್ಸ್.

ಲೇನ್ ನಾಲ್ಕು: ಅಯ್ಯೋ ದೇವರೇ. ಸೆಮಿಫೈನಲ್ ಕೂಡ ಬೆಳಿಗ್ಗೆಯೇ ಆಗಿತ್ತು. ಅದರಲ್ಲೂ ಟಟಿಯಾನಾನೇ ಮೊದಲು.

ದುರ್ಗದವನು: "ಟಟಿಯಾನಾನೇ ಮೊದಲು". ಇದನ್ನೇ ಅಲ್ವಾ ನಾನು ಬೆಳಗಿಂದ ಹೇಳ್ತಿರೋದು?

ಐದು ಗಂಟೆ ಅಲಾರಾಂ: ಮಗಳನ್ನು ದಿನಾ ಬೆಳಿಗ್ಗೆ ಕೊಳಕ್ಕೆ ಬಿಡುವ ತಾಯಿ ನಾನು. ಬೆಳಿಗ್ಗೆ ಈಜಿದ್ರೆ ನಿಧಾನ ಅನ್ನೋರು ಒಂದು ಸಲ ಬಂದು ನೋಡಿ. ಆದರೆ ಕಪ್ಪೆ ಅವರೇ, ನಿಮ್ಮ ಕಥೆಯಲ್ಲಿ ಅರ್ಧ ಬಿಟ್ಟಿದ್ದೀರಿ. ಕೊರೊನಾ ಹೊತ್ತಲ್ಲಿ ಸೂವರ್ಡ್ ಕೊಳ ಮುಚ್ಚಿದಾಗ ಲಿಡಿಯಾ ಆಂಕರೇಜ್‌ಗೆ ಹೋಗಿ ತರಬೇತಿ ಮಾಡಿದಳು. ಇಡೀ ಅಲಾಸ್ಕಾದಲ್ಲಿ ಇದ್ದ ಒಂದೇ 50 ಮೀಟರ್ ಕೊಳ ಅಲ್ಲೇ ಇತ್ತು. ಸುಮ್ನೆ 25 ಗಜದಿಂದ ಚಿನ್ನ ಬರಲಿಲ್ಲ.

ಕುಂದವಾಡದ ಕಪ್ಪೆ: ಇಡೀ ರಾಜ್ಯಕ್ಕೆ ಒಂದೇ ಕೊಳ ಅಂತ ನೀವೇ ಒಪ್ಪಿದ್ರಿ. ಅಲಾಸ್ಕಾ ಅಂದ್ರೆ ಕರ್ನಾಟಕದ ಎಷ್ಟು ಪಟ್ಟು ದೊಡ್ಡದು, ಒಮ್ಮೆ ಮ್ಯಾಪ್ ನೋಡಿ. ಆದರೂ ಗೆದ್ದಳು.

ಐದು ಗಂಟೆ ಅಲಾರಾಂ: ಮ್ಯಾಪ್ ನೋಡೋದು ಸುಲಭ, ಮನೆ ಬಿಟ್ಟು ಹೋಗೋದು ಕಷ್ಟ. ನಮ್ಮ ಈಜುಗಾರ್ತಿಯರನ್ನೇ ನೋಡಿ, ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ಗೆ, ಶಿಖಾ ಟಂಡನ್ 2004ರ ಅಥೆನ್ಸ್‌ಗೆ, ಧಿನಿಧಿ ದೇಸಿಂಗು 2024ರ ಪ್ಯಾರಿಸ್‌ಗೆ ಹೋದರು. ಮೂವರೂ ಬೆಂಗಳೂರು. ಇದು ಕಾಕತಾಳೀಯವಾ?

ಲೇನ್ ನಾಲ್ಕು: ಮೂವರೂ ಫ್ರೀಸ್ಟೈಲ್ ಈಜಿದವರು. ಇಲ್ಲಿ ಮಾತು ಬ್ರೆಸ್ಟ್‌ಸ್ಟ್ರೋಕ್‌ದು.

ಐದು ಗಂಟೆ ಅಲಾರಾಂ: ನೀರು ಒಂದೇ ಅಲ್ವೇನ್ರೀ!

ದುರ್ಗದವನು: ಇನ್ನೊಂದು ಮಾತು. 2020ರಲ್ಲೇ ಒಲಿಂಪಿಕ್ಸ್ ನಡೆದಿದ್ರೆ ಲಿಡಿಯಾ ಗ್ಯಾಲರಿಯಲ್ಲಿ ಕೂತು ನೋಡಬೇಕಿತ್ತು. ಮನೆಯವರು ಟಿಕೆಟ್ ತೆಗೆದುಕೊಂಡಿದ್ದರು. ಒಂದು ವರ್ಷ ಮುಂದಕ್ಕೆ ಹೋದದ್ದಕ್ಕೆ ಬಂದ ಚಿನ್ನ ಅದು.

ಸ್ಟಾಪ್‌ವಾಚ್: ಮೊದಲು ಟಿವಿ, ಆಮೇಲೆ ಸೂರ್ಯ, ಈಗ ಕೊರೊನಾ. ಆ ಹುಡುಗಿಯ ಕೈಕಾಲು ಏನೂ ಮಾಡಲೇ ಇಲ್ವಾ? 50 ಮೀಟರ್ ತಿರುವಿನಲ್ಲಿ ಮೂರನೆಯವಳು. ಮುಂದೆ ಇದ್ದದ್ದು ಟಟಿಯಾನಾ ಮತ್ತು ಕಿಂಗ್. ಕೊನೆಯ 50ರಲ್ಲಿ ಇಬ್ಬರನ್ನೂ ದಾಟಿದಳು. ಸಣ್ಣ ಕೊಳದಲ್ಲಿ ಬೆಳೆದವರು ಉದ್ದ ಕೊಳದ ಕೊನೆಗೆ ಸುಸ್ತಾಗ್ತಾರೆ ಅನ್ನೋರಿಗೆ ಇದಕ್ಕಿಂತ ಉತ್ತರ ಬೇಕಾ?

ದುರ್ಗದವನು: ಮೂರನೆಯವಳು ಅಂತ ನೀವೇ ಹೇಳಿದ್ರಿ.

ಸ್ಟಾಪ್‌ವಾಚ್: ನಿಮಗೆ ವಾಕ್ಯದ ಮೊದಲ ಪದ ಮಾತ್ರ ಕಾಣುತ್ತಾ? ಕಣ್ಣು ತೋರಿಸಿಕೊಳ್ಳಿ.

ದುರ್ಗದವನು: ನನ್ನ ಕಣ್ಣಿನ ಸುದ್ದಿಗೆ ಬರಬೇಡಿ. ಪ್ಯಾರಿಸ್ ನೋಡಿ, ಫೈನಲ್ ಸಂಜೆ ಇಟ್ಟರು. ಯಾರು ಗೆದ್ದರು? ಟಟಿಯಾನಾ. ಮದುವೆಯಾದ ಮೇಲೆ ಸ್ಮಿತ್ ಅನ್ನೋ ಹೆಸರಲ್ಲಿ. ಲಿಡಿಯಾ ಎಲ್ಲಿದ್ದಳು? ಅಮೆರಿಕದ ಆಯ್ಕೆಯಲ್ಲೇ ಮೂರನೇ ಸ್ಥಾನಕ್ಕೆ ಬಿದ್ದು ಮನೆಯಲ್ಲಿ. ಸಂಜೆ ಫೈನಲ್ ಆದ್ರೆ ಸತ್ಯ ಹೊರಗೆ ಬರುತ್ತೆ.

ಲೇನ್ ನಾಲ್ಕು: ಆ ಸತ್ಯದ ಸಮಯ ಯಾಕೆ ಬರೆಯಲಿಲ್ಲ? ನಾನು ಬರೀತೀನಿ. ಪ್ಯಾರಿಸ್ ಚಿನ್ನ 1:05.28. ಟೋಕಿಯೋ ಬೆಳ್ಳಿ 1:05.22. ಬೆಳಿಗ್ಗೆಯೇ ಅವಳು ಜಾಸ್ತಿ ವೇಗವಾಗಿ ಈಜಿದ್ದಾಳೆ. ನಿಮ್ಮ ಸಂಜೆ ಸಿದ್ಧಾಂತ ಎಲ್ಲಿಗೆ ಹೋಯ್ತು?

ಹರಿಹರದ ಹೊಳೆ: ಹೊಳೆಗೆ ಹೋಯ್ತು 😄

ದುರ್ಗದವನು: ಮೂರು ವರ್ಷ ವಯಸ್ಸು ಜಾಸ್ತಿ ಆಗಿತ್ತು. ಅದನ್ನೂ ಸೇರಿಸಿ ನೋಡಿ.

ಸ್ಟಾಪ್‌ವಾಚ್: ಸೇರಿಸ್ತೀನಿ, ಇರಿ. ವಯಸ್ಸು, ಟಿವಿ, ಸೂರ್ಯ, ಕೊರೊನಾ ಎಲ್ಲ ಸೇರಿಸಿದ್ರೂ ಬೋರ್ಡ್ ಮೇಲೆ 1:04.95 ಮೊದಲು, 1:05.22 ಎರಡನೆಯದು.

ಐದು ಗಂಟೆ ಅಲಾರಾಂ: 50 ಮೀಟರ್ ಕೊಳದ ಬಗ್ಗೆ ಅರ್ಜಿ ಕೊಡೋಣ ಅಂತ ಬಂದಿದ್ದೆ. ಯಾರಾದ್ರೂ ಸಹಿ ಹಾಕ್ತೀರಾ?

ಕುಂದವಾಡದ ಕಪ್ಪೆ: ಅರ್ಜಿ ಯಾಕೆ? 25 ಸಾಕು ಅಂತಲೇ ನಾನು ಶುರು ಮಾಡಿದ್ದು.

ದುರ್ಗದವನು: ಅರ್ಜಿ ಕೊಡೋದಾದ್ರೆ ದುರ್ಗದ ಹೆಸರೂ ಸೇರಿಸಿ. ಆಮೇಲೆ, ಅಲ್ಲಿ ಸ್ಪರ್ಧೆ ಇಟ್ಟರೆ ಫೈನಲ್ ಸಂಜೆಗೇ ಇರಲಿ.