ಸಹಾಯ ಬೇಕು: ಅವನ್ ಬಾಗಿಲು ಲಾಕ್ ಆಗಿ ಕೂತಿದೆ

ಎಲ್ಲರಿಗೂ ನಮಸ್ಕಾರ. ನಾವಿರೋದು ನ್ಯೂಜೆರ್ಸಿಯಲ್ಲಿ. ನಮ್ಮ ಎಲೆಕ್ಟ್ರಿಕ್ ಅವನ್‌ಗೆ 11 ವರ್ಷ. ಶನಿವಾರ ಸೆಲ್ಫ್ ಕ್ಲೀನ್ (ಬಾಗಿಲು ಲಾಕ್ ಮಾಡಿಕೊಂಡು, ಜೋರು ಕಾವಿನಲ್ಲಿ ಒಳಗಿನ ಜಿಡ್ಡನ್ನು ಸುಟ್ಟು ಬೂದಿ ಮಾಡೋದು) ಹಾಕಿದ್ದೆ. ಮೂರು ಗಂಟೆ ಓಡಿ ಮುಗೀತು, ರಾತ್ರಿಯೆಲ್ಲ ಆರಿ ತಣ್ಣಗೂ ಆಯ್ತು, ಆದರೆ ಲಾಕ್ ಬಿಡ್ತಾನೇ ಇಲ್ಲ. ಡಿಸ್‌ಪ್ಲೇಯಲ್ಲಿ ಎಫ್9 ಅಂತ ಬರ್ತಿದೆ; ಮ್ಯಾನ್ಯುಯಲ್ ಪ್ರಕಾರ ಅದು ಡೋರ್ ಲಾಕ್ ದೋಷ.

ಬ್ರೇಕರ್ 10 ನಿಮಿಷ ಆಫ್ ಮಾಡಿ ಹಾಕಿ ನೋಡಿದೆ. ಕರೆಂಟ್ ಬಂದ ಕೂಡಲೇ ಬಾಗಿಲ ಕೊಕ್ಕೆ ಸರಿಸುವ ಲಾಚ್ ಮೋಟಾರ್ ಅರ್ಧ ನಿಮಿಷ ಗುಂಯ್ ಅಂದು ನಿಂತುಬಿಡುತ್ತೆ, ಕೊಕ್ಕೆ ಮಾತ್ರ ಅಲುಗಲ್ಲ. ಮತ್ತೆ ಸೆಲ್ಫ್ ಕ್ಲೀನ್ ಒತ್ತಿ ಒಂದು ನಿಮಿಷಕ್ಕೆ ಕ್ಯಾನ್ಸಲ್ ಮಾಡಿದರೂ ಅದೇ ಕಥೆ. ಹಿಂದಿನಿಂದ ಟೆಂಪರೇಚರ್ ಸೆನ್ಸರ್‌ಗೆ ಮಲ್ಟಿಮೀಟರ್ ಇಟ್ಟೆ, 1090 ಓಮ್ ತೋರಿಸ್ತು, ತಣ್ಣಗಿರುವಾಗ ಹೆಚ್ಚುಕಮ್ಮಿ ಅಷ್ಟೇ ಇರಬೇಕು. ಹಾಗಾಗಿ ಸೆನ್ಸರ್ ಸರಿಯಿದೆ, ಅವನ್ ಇನ್ನೂ ಬಿಸಿಯಿದೆ ಅಂತ ಕಂಟ್ರೋಲ್ ಬೋರ್ಡ್ ತಪ್ಪು ತಿಳಿದಿರಲಾರದು ಅನ್ಸುತ್ತೆ. 480 ಡಿಗ್ರಿ ಸೆಲ್ಸಿಯಸ್ ಹತ್ತಿರದ ಕಾವಿಗೆ ಕೊಕ್ಕೆಯ ಸರಳು ಬಾಗಿದೆಯೋ, ಮೋಟಾರಿನ ಕ್ಯಾಮ್ (ತಿರುಗಿ ಸರಳನ್ನು ತಳ್ಳುವ ಬಿಲ್ಲೆ) ಜಾರ್ತಿದೆಯೋ ಅಂತ ನನ್ನ ಅನುಮಾನ.

ಬ್ರೇಕರ್ ಆಫ್ ಮಾಡಿ, ಮೇಲಿನ ಒಲೆಯ ಭಾಗ ಎತ್ತಿ ಕೊಕ್ಕೆಯನ್ನು ಕೈಯಿಂದ ಸರಿಸಬಹುದಾ? ಲಾಚ್ ಅಸೆಂಬ್ಲಿ ಪೂರ್ತಿ ಬದಲಿಸಬೇಕಾ, ಮೋಟಾರ್ ಅಷ್ಟೇ ಸಾಕಾ? ಗಾಜು ಒಡೆದೀತು ಅಂತ ಬಾಗಿಲನ್ನು ಜಗ್ಗಿಲ್ಲ. ಮಾಡಿ ಅನುಭವ ಇರೋರು ದಯವಿಟ್ಟು ತಿಳಿಸಿ. ಭಾನುವಾರ ಮಗಳ ಹುಟ್ಟುಹಬ್ಬ, ಕೇಕ್ ಮನೆಯಲ್ಲೇ ಮಾಡ್ತೀನಿ ಅಂತ ಮಾತು ಕೊಟ್ಟಿದ್ದೀನಿ.